ಘಟ್ಟ ಇಳಿದ ಗೋಧಿ

“ಅಕ್ಕಾರ, ನಿಮ್ಮ ಊರಾಗ ಇಷ್ಟ ನೀರ ಐತಿ, ಒಂದ ಮಡಿ ಗೋದಿ ಬೆಳೀಲಿಕ್ಕೆ ಏನ ತ್ರಾಸ್ರಿ?”

ಬೇಲಿಯ ಆಚೆಯಿಂದ ಹೀಗೆ ಕೇಳಿದವಳು ನವಲಗುಂದದ ಮಗಳು. ಗಂಡನಿಗೆ ಕಾರವಾರದಲ್ಲಿ ನೌಕರಿ, ಮಕ್ಕಳ ಶಾಲೆ ಅಂಕೋಲೆಯಲ್ಲಿ. ಹಾಗಾಗಿ ನಮ್ಮ ಪಕ್ಕದ ಮನೆ ಬಾಡಿಗೆಗೆ ಹಿಡಿದಿದ್ದಾರೆ. ನನಗಿಂತ ತುಂಬ ಚಿಕ್ಕವಳು. ನಾನು ತಂಗಿ ಎನ್ನುತ್ತೇನೆ, ಅವಳು ಅಕ್ಕಾರ ಎನ್ನುತ್ತಾಳೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಇಬ್ಬರಿಗೂ ಸ್ವಲ್ಪ ಪುರಸೊತ್ತು. ದಾಸವಾಳದ ಬೇಲಿಯ ಹತ್ತಿರ ನಿಂತರೆ ಮಾತಿಗೆ ಬರವಿಲ್ಲ.

“ನೀರಿರೂದೇ ತ್ರಾಸು, ತಂಗಿ” ಅಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಕೊಡ ಹೊತ್ತು ಕೆರೆಗೆ ನಡೆದು ಬೆಳೆದವಳು. ಮಳೆ ಎಂದರೆ ಮುಗಿಲು ನೋಡಿ ಕಾಯುವ ವಸ್ತು ಎಂದು ತಿಳಿದವಳು. ನಮ್ಮ ಕಾರವಾರ ಅಂಕೋಲೆಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅವಳ ಊರಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೆ ಬಿದ್ದಷ್ಟನ್ನೂ ಅಲ್ಲಿಯ ಎರೆಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಚಿರೇಕಲ್ಲಿನ ಕೆಂಪು ನೆಲ, ಕಡಲ ಬದಿಯ ಉಸುಕು ನೆಲ, ಎರಡಕ್ಕೂ ಆ ಗುಣವಿಲ್ಲ. ಸುರಿದದ್ದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ, ಹೊಳೆಯದ್ದು ಸಮುದ್ರಕ್ಕೆ. ಭತ್ತಕ್ಕಾದರೆ ಕಾಲಡಿಗೆ ನೀರು ನಿಂತರೂ ಬೇಸರವಿಲ್ಲ. ಗೋಧಿಗೆ ಬುಡದಲ್ಲಿ ನೀರು ನಿಂತರೆ ಬೇರು ಉಸಿರುಗಟ್ಟಿ ಗಿಡ ಹಳದಿಯಾಗುತ್ತದೆ. ಮಳೆ ಮುಗಿದ ಮೇಲೆ ಬಿತ್ತೋಣವೆಂದರೆ ನೆಲದಲ್ಲಿ ಹಸಿ ಉಳಿಯುವುದಿಲ್ಲ. ಬಾವಿ ನೀರು ಹಾಯಿಸಿದರೂ ಚಳಿಯನ್ನು ಎಲ್ಲಿಂದ ತರುವುದು?

ಅವಳ ಕಡೆ ಗೋಧಿ ಹೇಗೆ ಬೆಳೆಯುತ್ತಾರೆಂದು ಕೇಳಿದೆ. ನಾವು ಇಲ್ಲಿ ಗೋಧಿಯನ್ನು ಕಂಡದ್ದು ಅಂಗಡಿಯ ಚೀಲದಲ್ಲಿ ಮಾತ್ರ. ಹೊಲದ ಗೋಧಿಯ ಮಾತು ಬಂದದ್ದೇ ತಡ, ಅವಳ ದನಿಯೇ ಬೇರೆಯಾಯಿತು.

“ನಮ್ಮದು ಹಿಂಗಾರಿ ಭೂಮಿರಿ. ಮುಂಗಾರಿ ಮಳಿಯಾಗ ಹೊಲ ಹರಗಿ, ಹದಾ ಮಾಡಿ ಬಿಡತೇವಿ. ಹಸ್ತಾ ಚಿತ್ತಾ ಮಳಿ ಹಿಡೀತಂದ್ರ ಕೂರಗಿ ಹೂಡೂದು. ಬೀಜ ಹಸಿಗೆ ಮುಟ್ಟಬೇಕು. ಮ್ಯಾಲ ಒಣ ಮಣ್ಣ, ಒಳಗ ತಂಪ. ಆಮ್ಯಾಲ ಮಳಿ ಬರಲಿಲ್ಲಂದ್ರೂ ನಡೀತೈತಿ.”

ಈ ಕೊನೆಯ ಮಾತಿನ ಹತ್ತಿರ ನಾನು ಅವಳನ್ನು ತಡೆದೆ. ಬಿತ್ತಿದ ಮೇಲೆ ಮಳೆಯೇ ಇಲ್ಲದೆ ಒಂದು ಬೆಳೆ ಕೈಗೆ ಬರುವುದು ನಮಗೆ ಊಹೆಗೂ ಸಿಗದ ಸಂಗತಿ. ಅವಳು ವಿವರಿಸಿದಳು. ಅಕ್ಟೋಬರಿನಲ್ಲಿ ಬಿತ್ತಿದ ಗೋಧಿ ಮೂರೂವರೆ ತಿಂಗಳು, ಹೆಚ್ಚೆಂದರೆ ನಾಲ್ಕು ತಿಂಗಳು ನೆಲದೊಳಗೆ ಕೂಡಿಟ್ಟ ನೀರನ್ನೇ ಕುಡಿದು ಬದುಕುತ್ತದೆ. ಮೇಲಿನ ಮಣ್ಣು ಆರುತ್ತ ಹೋದಂತೆ ಬೇರು ಕೆಳಕ್ಕೆ ಇಳಿಯುತ್ತದೆ. ಎರೆಹೊಲ ಒಣಗಿದರೆ ಬಿರಿಯುತ್ತದೆ, ಬಿರುಕಿನಿಂದ ಒಳಗಿನ ತಂಪು ಹಾರಿಹೋಗುತ್ತದೆ. ಅದಕ್ಕೇ ಸಾಲಿನ ನಡುವೆ ಎಡೆಕುಂಟೆ ಹೊಡೆದು ಮೇಲಿನ ಮಣ್ಣನ್ನು ಪುಡಿಮಾಡಿ ಬಿರುಕು ಮುಚ್ಚುತ್ತಾರೆ. ಕಳೆ ತೆಗೆಯುವುದು ಕೂಡ ಅದೇ ಕೆಲಸದಲ್ಲಿ ಆಗಿಹೋಗುತ್ತದೆ. ಹೊಲದ ಸುತ್ತ ನಾಲ್ಕಾರು ಸಾಲು ಕುಸುಬೆ. ಅದರ ಮುಳ್ಳಿಗೆ ದನ ಒಳಗೆ ಬಾಯಿ ಹಾಕುವುದಿಲ್ಲ, ಮನೆಗೆ ಎಣ್ಣೆಯೂ ಆಯಿತು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ತೆನೆ ಹೊರಬಿದ್ದಿರುತ್ತದೆ. ಅಂದು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ: ಮಾಡಿ ತಂದ ಅಡುಗೆಯನ್ನು ಮೊದಲು ಭೂಮಿತಾಯಿಗೆ, ಆಮೇಲೆ ತಮಗೆ. ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ ಎಂದಳು. ಕಾಳಿಗೆ ಹಾಲು ತುಂಬುವ ಆ ದಿನಗಳಲ್ಲಿ ಚಳಿ ಬಿದ್ದರೆ ಗೋಧಿ ಮೈದುಂಬುತ್ತದೆ, ಚಳಿ ಬೇಗ ಹಿಂದೆಗೆದರೆ ಕಾಳು ಜೊಳ್ಳು. ಫೆಬ್ರವರಿಯಲ್ಲಿ ಕೊಯ್ಲು. ಅದೂ ನಸುಕಿನಲ್ಲಿ, ಇಬ್ಬನಿ ಆರುವ ಮೊದಲು. ಬಿಸಿಲೇರಿದ ಮೇಲೆ ಕುಡುಗೋಲು ಹಾಕಿದರೆ ತೆನೆ ಮುರಿದು ನೆಲಕ್ಕೆ ಉದುರುತ್ತದಂತೆ. ಮುಖ್ಯವಾಗಿ ಜವೆಗೋಧಿಯದು ಈ ಸ್ವಭಾವ.

ಜವೆಗೋಧಿಯ ಮಾತು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ ಬೆಳೆಯುವುದು ಮೂರು ಬಗೆಯ ಗೋಧಿ. ಒಂದು ಚಪಾತಿ, ಬ್ರೆಡ್ಡಿಗೆ ಬರುವ ಸಾಧಾರಣ ಗೋಧಿ. ಇನ್ನೊಂದು ಡ್ಯೂರಂ, ಗಟ್ಟಿ ಕಾಳಿನದು, ರವೆಗೆ ಒಳ್ಳೆಯದು. ಮೂರನೆಯದು ಜವೆಗೋಧಿ. ಸದಕ ಎಂದೂ ಕರೆಯುತ್ತಾರೆ, ಮರಾಠಿಯವರಿಗೆ ಅದು ಖಪ್ಲಿ. ಬಡಿದರೂ ತುಳಿಸಿದರೂ ಇದರ ಸಿಪ್ಪೆ ಬಿಡುವುದಿಲ್ಲ, ನಮ್ಮ ಭತ್ತದಂತೆ ಕುಟ್ಟಿಯೇ ಬಿಡಿಸಬೇಕು. ಸಿಪ್ಪೆಯೊಂದಿಗೇ ಇಟ್ಟರೆ ಹುಳ ಸುಲಭವಾಗಿ ತಾಗುವುದಿಲ್ಲ. ತುಕ್ಕು ರೋಗಕ್ಕೂ ಇದು ಬಗ್ಗುವುದು ಕಡಿಮೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿದ್ದಾರೆ. ಹಳೆಯ ತಳಿಗಳು ಎತ್ತರ, ಗಾಳಿಗೆ ಮಲಗುತ್ತಿದ್ದವು. ಮನುಷ್ಯ ಬೇಸಾಯ ಕಲಿತ ಆರಂಭದಲ್ಲಿ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಪಶ್ಚಿಮ ಏಷ್ಯಾದಲ್ಲಿ ಪಳಗಿಸಿದ ಮೊದಲ ಧಾನ್ಯಗಳಲ್ಲಿ ಇದೂ ಒಂದು. ಪಿರಮಿಡ್ಡು ಕಟ್ಟಿದ ಕಾಲದ ಈಜಿಪ್ಟಿನವರ ರೊಟ್ಟಿ ಇದರದೇ. ಅಲ್ಲೆಲ್ಲ ಅದು ಬಹುಮಟ್ಟಿಗೆ ಹೊಲ ಬಿಟ್ಟು ಮರೆಯಾಗಿ ಎಷ್ಟೋ ಕಾಲವಾಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳ ಎರೆಹೊಲದಲ್ಲಿ ಇಂದಿಗೂ ಬದುಕಿದೆ. ಯಾಕೆ ಬದುಕಿತು ಎಂದರೆ ಹುಗ್ಗಿಗಾಗಿ, ಮಾದಲಿಗಾಗಿ, ಶ್ಯಾವಿಗೆಗಾಗಿ. ಹಬ್ಬದ ದಿನ ಆ ರುಚಿಯೇ ಬೇಕೆಂದು ಹಟ ಹಿಡಿದ ಹೆಂಗಸರಿಂದ ಅದು ಉಳಿಯಿತೆಂದು ನಾನು ನಂಬುತ್ತೇನೆ.

ಕಾರ್ತಿಕದಲ್ಲಿ ಊರಿಗೆ ಹೋಗಿ ಬರುವಾಗ ತಂಗಿ ಒಂದು ಬೊಗಸೆ ಜವೆಗೋಧಿ ಸಿಪ್ಪೆ ಸಮೇತ ತಂದಳು. ಬದನೆ ಗಿಡ ಕಿತ್ತು ಖಾಲಿಯಾಗಿದ್ದ ಮಡಿಯಲ್ಲಿ ಗೆರೆ ಎಳೆದು ಬಿತ್ತಿದಳು. ನಾನು ಬೇಡವೆನ್ನಲಿಲ್ಲ. ಬೇಲಿಯ ಈಚೆಯಿಂದ ದಿನಾ ನೋಡುವ ಕೆಲಸ ನನ್ನದಾಯಿತು. ಮೊಳಕೆ ಚೆನ್ನಾಗಿಯೇ ಬಂತು, ಗರಿಕೆಯ ಹಾಗೆ ಹಸಿರು ಸಾಲು. ಆದರೆ ಬುಡದಲ್ಲಿ ಮರಿ ಒಡೆಯಲೇ ಇಲ್ಲ. “ಊರಾಗಾದ್ರ ಒಂದ ಕಾಳಿಗೆ ಬುಡ ತುಂಬ ಮರಿ ಬರ್ತಾವರಿ” ಎಂದು ಅವಳು ಕೂತು ಒಂದೊಂದು ಬುಡವನ್ನೂ ಬೆರಳಲ್ಲಿ ಬಿಡಿಸಿ ನೋಡಿದಳು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಗಿಡ ಮೊಣಕಾಲೆತ್ತರ ಆಗುವ ಮೊದಲೇ ಅವಸರದಲ್ಲಿ ತೆನೆ ಹಾಕಿತು. ತೆನೆ ನೋಡಲು ಚಂದ, ಚಪ್ಪಟೆ, ಉದ್ದುದ್ದ ಮೀಸೆ. ಹಣ್ಣಾದ ಮೇಲೆ ಒಂದನ್ನು ಕಿತ್ತು ಬೇಲಿಯ ಮೇಲಿಂದ ನನ್ನ ಕೈಗಿಟ್ಟಳು. ಇಬ್ಬರೂ ಬಿಚ್ಚಿದೆವು. ಜವೆಗೋಧಿಯ ಒಂದೊಂದು ಸಿಪ್ಪೆಗೂಡಿನಲ್ಲಿ ಎರಡೆರಡು ಕಾಳು ಇರಬೇಕು. ಇಲ್ಲಿ ಒಂದು ಸುಕ್ಕುಗಟ್ಟಿದ ಕಾಳು, ಪಕ್ಕದ ಜಾಗ ಖಾಲಿ. ಬೊಗಸೆ ಬಿತ್ತಿದ್ದಕ್ಕೆ ಬೊಗಸೆ ಕೂಡ ಮರಳಲಿಲ್ಲ. ಅದರಲ್ಲೂ ಅರ್ಧ ರಾಟವಾಳ ಹಕ್ಕಿಗಳ ಪಾಲು.

ನಮ್ಮಲ್ಲಿ ಜನವರಿಯಲ್ಲೂ ಹಗಲು 32, 33 ಡಿಗ್ರಿ. ರಾತ್ರಿ ಇಪ್ಪತ್ತರ ಆಚೀಚೆ. ಧಾರವಾಡದ ಕಡೆ ಆಗ ರಾತ್ರಿ 14, 15ಕ್ಕೆ ಇಳಿಯುತ್ತದೆ, ಪಂಜಾಬಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ. ಗೋಧಿಗೆ ಬೇಕಾದದ್ದು ಆ ತಂಪು. ಸೆಕೆಯಲ್ಲಿ ಅದು ತನ್ನ ಆಯುಷ್ಯವನ್ನೇ ಮೊಟಕು ಮಾಡಿಕೊಂಡು ಬೀಜ ಉಳಿಸಿಕೊಳ್ಳಲು ಓಡುತ್ತದೆ. ಕಾಳು ತುಂಬಲು ಪುರಸೊತ್ತು ಸಿಗುವುದಿಲ್ಲ. ಗೋಧಿಯ ಸೀಮೆಯೇ ಆದ ಪಂಜಾಬ್ ಹರಿಯಾಣಗಳಿಗೂ 2022ರಲ್ಲಿ ಇದೇ ಪಾಡಾಯಿತು. ಆ ಮಾರ್ಚಿನಲ್ಲಿ ಬಿಸಿಲು ಮೊದಲೇ ಬಂದು ಹಾಲುಗಾಳು ಅಲ್ಲೇ ಸುಕ್ಕಿತು. ಮೇ 13ಕ್ಕೆ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ನಮ್ಮ ಹಿತ್ತಲ ಮಡಿಯಲ್ಲಿ ಕಂಡದ್ದು ಒಂದು ಇಡೀ ಸೀಮೆಯ ಹೊಲದಲ್ಲಿ ಆದರೆ ಎಷ್ಟು ಮನೆಗಳ ಹಿಟ್ಟಿನ ಡಬ್ಬಿಗೆ ತಟ್ಟುತ್ತದೆಂದು ಆ ತೆನೆ ಕೈಯಲ್ಲಿ ಹಿಡಿದಾಗ ನನ್ನ ಮನಸ್ಸಿಗೆ ಬಂತು.

ಅಂಕೋಲೆಯವರಲ್ಲಿ ಬಹಳಷ್ಟು ಮಂದಿ ಗಮನಿಸಿರದ ಒಂದು ಸಂಗತಿ ಅವಳಿಗೆ ಹೇಳಿದೆ. ನಮ್ಮೂರಿಂದ ಹುಬ್ಬಳ್ಳಿಗೆ ಹೋಗುವ ದಾರಿ, ಹಿಂದೆ 63 ಎಂದು ನಂಬರಿದ್ದದ್ದು, ಈಗ ರಾಷ್ಟ್ರೀಯ ಹೆದ್ದಾರಿ 52. ಅದರ ಆ ತುದಿ ಇರುವುದು ಪಂಜಾಬಿನ ಸಂಗರೂರಿನಲ್ಲಿ, ಹೆಸರುವಾಸಿ ಗೋಧಿ ಜಿಲ್ಲೆ. ಅಲ್ಲಿಂದ ಹಿಸಾರ, ಜೈಪುರ, ಕೋಟಾ, ಇಂದೋರು, ಧುಳೆ, ಸೊಲ್ಲಾಪುರ, ನಮ್ಮ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ, ಬಹುಪಾಲು ಗೋಧಿ ಬೆಳೆಯುವ ಸೀಮೆಯಲ್ಲೇ ಹಾದು, ಗೋಧಿಯ ಒಂದು ಗಿಡವೂ ಇಲ್ಲದ ಊರಲ್ಲಿ ನಿಲ್ಲುತ್ತದೆ. ಪಂಜಾಬಿನಲ್ಲಿ ಹೆಕ್ಟೇರಿಗೆ ಐದು ಟನ್ನಿನ ಹತ್ತಿರ ಬೆಳೆ. ಕರ್ನಾಟಕದಲ್ಲಿ ಒಂದು ಟನ್ನಿನ ಆಸುಪಾಸು. ಆದರೆ ಅಲ್ಲಿ ಹಾಯಿಸುವ ನೀರು, ಹಾಕುವ ಗೊಬ್ಬರದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಒಂದೂ ಹನಿ ಹಾಯಿಸದೆ ಬರುವ ನವಲಗುಂದದ ಗೋಧಿಯನ್ನು ಕಡಿಮೆ ಇಳುವರಿಯದೆಂದು ಕೀಳುಗಳೆಯಲು ನನಗೆ ಮನಸ್ಸಿಲ್ಲ.

“ಹೌದ ಖರೆ, ಆದ್ರ ಅಕ್ಕಾರ, ನಾವೂ ದಿನಾ ಗೋದಿ ತಿಂದವರಲ್ಲರಿ” ಎಂದಳು. ದಿನದ ಊಟ ಜೋಳದ ರೊಟ್ಟಿ. ಗೋಧಿ ಹಬ್ಬಕ್ಕೆ, ಬೀಗರಿಗೆ, ಬಾಣಂತಿಗೆ. ಅವಳ ಅಜ್ಜಿಯ ಕಾಲದಲ್ಲಿ ಹಗೇವಿನಲ್ಲಿ ತುಂಬಿಡುತ್ತಿದ್ದದ್ದು ಜೋಳ. ಗೋಧಿಯ ಹೋಳಿಗೆ ಮಾಡಿದ ದಿನ ಓಣಿಗೆಲ್ಲ ಗೊತ್ತಾಗುತ್ತಿತ್ತು. ಗೋಧಿ ದಿನದ ಅನ್ನವಾದದ್ದು ಹೋದ ಐವತ್ತು ಅರವತ್ತು ವರ್ಷಗಳಲ್ಲಿ. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಬೀಜ ತರಿಸಿದರು. ವಿಜ್ಞಾನಿಗಳಾದ ಬೋರ್ಲಾಗ್, ಎಂ.ಎಸ್. ಸ್ವಾಮಿನಾಥನ್ ಅವರ ಕೆಲಸ ಉತ್ತರದ ಹೊಲಗಳಲ್ಲಿ ಫಲ ಕೊಟ್ಟಿತು. 1968ರಲ್ಲಿ ಗೋಧಿ ಕ್ರಾಂತಿಯ ಹೆಸರಿನ ಅಂಚೆಚೀಟಿಯೂ ಬಂತು.

ಅದಕ್ಕೂ ಮೊದಲಿನ ಗೋಧಿ ನಮ್ಮ ಮನೆಗೆ ಬಂದದ್ದು ಅಮೆರಿಕದಿಂದ. ಪಿಎಲ್ 480 ಎಂಬ ಅಲ್ಲಿಯ ಕಾಯ್ದೆಯಡಿ ಬಂದ ಗೋಧಿ, ರೇಷನ್ ಅಂಗಡಿಯಲ್ಲಿ. ಅಕ್ಕಿ ಸಾಲದ ವರ್ಷ ಅದು. ನಮ್ಮಮ್ಮನಿಗೆ ಚಪಾತಿ ಲಟ್ಟಿಸುವ ರೂಢಿಯಿರಲಿಲ್ಲ. ಲಟ್ಟಣಿಗೆಯೇ ಮನೆಯಲ್ಲಿರಲಿಲ್ಲ. ಒರಳಲ್ಲಿ ಕಡಿ ಮಾಡಿ ಗಂಜಿಯಂತೆ ಬೇಯಿಸಿದಳು. ಬೆಲ್ಲವಿದ್ದ ದಿನ ತೆಂಗಿನ ಹಾಲು ಹಿಂಡಿ ಪಾಯಸ ಮಾಡಿದಳು. ಶಾಲೆಯಲ್ಲಿ ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು. ಕರಾವಳಿಯ ನನ್ನ ವಾರಿಗೆಯ ಎಷ್ಟೋ ಮಕ್ಕಳಿಗೆ ಗೋಧಿಯ ಮೊದಲ ರುಚಿ ಅದೇ. ಹಸಿದ ಹೊಟ್ಟೆಗೆ ಅದು ಕೊಟ್ಟ ಆಸರೆಯನ್ನು ಮರೆಯಬಾರದು.

ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದೇ. ಸಕ್ಕರೆ ಕಾಯಿಲೆ ಎಂದ ಕೂಡಲೇ ರಾತ್ರಿ ಅನ್ನ ಬಿಟ್ಟು ಚಪಾತಿ. ಪ್ಯಾಕೆಟ್ ಹಿಟ್ಟು. ಅದರ ಜೊತೆಗೇ ಕಾರವಾರದಲ್ಲಿ ಸೀಬರ್ಡ್ ಎಂಬ ನೌಕಾನೆಲೆಯ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ ಅಂಕೋಲೆ ತಾಲೂಕಿನ ಸುಮಾರು 4000 ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದವು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅರಗಾ, ಚೆಂಡಿಯಾ ಕಡೆಯ ಆ ಗದ್ದೆಗಳ ಅಕ್ಕಿ ಉಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಈಗ ಅಮದಳ್ಳಿಯ ನೌಕಾ ವಸತಿಯಲ್ಲಿ ಹರಿಯಾಣ, ಬಿಹಾರ, ಪಂಜಾಬಿನ ಸಂಸಾರಗಳು. ಹಿಟ್ಟಿನ ಗಿರಣಿಯಲ್ಲಿ ಅಕ್ಕಿಯ ಕಲ್ಲು ಬೇರೆ, ಗೋಧಿಯ ಕಲ್ಲು ಬೇರೆ ಆಗಿದೆ. ಗೋಧಿಯ ಡಬ್ಬಿಗಳ ಸಾಲು ಉದ್ದವಾಗಿದೆ. ಅವರು ತಮ್ಮ ಊರಿನ ಅನ್ನವನ್ನು ಬಯಸುವುದು ನ್ಯಾಯವೇ. ನನ್ನ ಸಂಕಟ ಬೇರೆ. ನಮ್ಮ ಊರಿನ ಅನ್ನವನ್ನು ನಾವು ಅಷ್ಟೇ ಗಟ್ಟಿಯಾಗಿ ಬಯಸುತ್ತಿಲ್ಲವಲ್ಲ ಎಂಬುದು.

“ನಿಮ್ಮದ್ಯಾವುದ್ರಿ ಅಂಥಾದ್ದು?” ಎಂದಳು. ಅವಳ ಕಣ್ಣಿಗೆ ಅಕ್ಕಿಯೆಲ್ಲ ಒಂದೇ.

ಅವಳನ್ನು ಗಂಗಾವಳಿಯ ಕಡೆಯ ನಮ್ಮ ಗಜನಿಗೆ ಕರೆದುಕೊಂಡು ಹೋದೆ. ಗಜನಿಯೆಂದರೆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಭರತ ಇಳಿತದ ಉಪ್ಪುನೀರು ಒಳಬಂದು ಹೋಗುವ ತಗ್ಗು ಗದ್ದೆ. ಹೊಳೆಯ ಕಡೆ ಉದ್ದಕ್ಕೆ ಮಣ್ಣಿನ ಒಡ್ಡು. ನಡುನಡುವೆ ಜಂತ್ರಡಿ, ಅಂದರೆ ಹಲಗೆ ಇಳಿಸಿ ಏರಿಸುವ ನೀರಿನ ಬಾಗಿಲು. ಮಳೆಗಾಲದಲ್ಲಿ ಇಳಿತಕ್ಕೆ ತೆರೆದು ಗದ್ದೆಯ ನೀರು ಹೊರಬಿಡಬೇಕು, ಭರತಕ್ಕೆ ಮುಚ್ಚಿ ಉಪ್ಪು ತಡೆಯಬೇಕು. ಮೊದಲ ಮಳೆಗಳು ಬಿದ್ದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಕಗ್ಗ ನಮ್ಮ ಕಡೆಯ ಭತ್ತ. ಕುಮಟೆಯ ಮಾಣಿಕಟ್ಟ, ಅಘನಾಶಿನಿಯ ಗಜನಿಗಳಲ್ಲಿ ಹೆಸರು ಹೆಚ್ಚು. ಉಪ್ಪು ತಾಳುತ್ತದೆ. ನೆರೆ ಬಂದು ದಿನಗಟ್ಟಲೆ ಮುಳುಗಿದರೂ ನೀರಿಳಿದ ಮೇಲೆ ತಲೆಯೆತ್ತುತ್ತದೆ. ಆಳೆತ್ತರಕ್ಕೆ ಹತ್ತಿರ ಬೆಳೆಯುತ್ತದೆ. ಗೊಬ್ಬರ ಕೇಳುವುದಿಲ್ಲ, ಹೊಳೆ ತಂದು ಹಾಕುವ ಕೆಸರೇ ಅದಕ್ಕೆ ಸಾಕು. ಅಕ್ಟೋಬರಿನಲ್ಲಿ ಕೊಯ್ಲು. ನೀರು ನಿಂತಲ್ಲಿ ಕೆಸರಿಗೆ ಇಳಿದು ತೆನೆಯ ಭಾಗವಷ್ಟೇ ಕೊಯ್ದು ದೋಣಿಗೆ ತುಂಬುತ್ತಾರೆ. ಕೆಳಗೆ ಉಳಿದ ಹುಲ್ಲು ಅಲ್ಲೇ ಕೊಳೆತು ಶೆಟ್ಲಿಗೆ, ಅಂದರೆ ಸಿಗಡಿಗೆ, ಮತ್ತು ಮೀನಿಗೆ ಮೇವು. ಕೊಯ್ಲಾದ ಮೇಲೆ ಉಪ್ಪುನೀರು ಒಳಬಿಟ್ಟರೆ ಬೇಸಿಗೆಯವರೆಗೆ ಶೆಟ್ಲಿಯ ಬೆಳೆ. ಒಂದೇ ಗದ್ದೆ, ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಪದಾರ್ಥ. ಕೆಂಪಕ್ಕಿಯ ಆ ಗಂಜಿ ಕುಡಿದರೆ ಮಧ್ಯಾಹ್ನದವರೆಗೆ ಹಸಿವೆಯ ಸುದ್ದಿಯಿಲ್ಲ.

ತಂಗಿ ಒಡ್ಡಿನ ಮೇಲೆ ನಿಂತು ಬೆರಳಿನಿಂದ ಮಣ್ಣು ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. “ಉಪ್ಪ ಐತಿ ಖರೆ!” ಎಂದು ನನ್ನ ಮುಖ ನೋಡಿದಳು. ಮಣ್ಣು ತನ್ನ ಊರಿನ ಎರೆಯಷ್ಟೇ ಕಪ್ಪಾಗಿದ್ದದ್ದೂ ಅವಳಿಗೆ ಆಶ್ಚರ್ಯ. ಆ ಕೆಸರಿನಲ್ಲಿ ಅವಳ ಸೀಮೆಯದೂ ಪಾಲಿದೆಯೆಂದು ಹೇಳಿದೆ. ಗಂಗಾವಳಿ ಎಂದು ನಾವು ಕರೆಯುವ ಹೊಳೆ ಮೇಲೆ ಬೇಡ್ತಿ. ಅದು ಹುಟ್ಟುವುದು ಧಾರವಾಡದ ಹತ್ತಿರ, ಸೋಮೇಶ್ವರದ ಕಡೆ. ಮಾಗೋಡಿನಲ್ಲಿ ಧುಮುಕಿ ನಮ್ಮಲ್ಲಿಗೆ ಬರುತ್ತದೆ. ನವಲಗುಂದದ ಮಳೆ ಮಾತ್ರ ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಪೂರ್ವದ ಸಮುದ್ರಕ್ಕೆ.

ಅವಳ ಊರಿನ ಹೆಸರು ಕೇಳಿದಾಗಲೆಲ್ಲ ನನಗೆ 1980ರ ಜುಲೈ 21ರ ನೆನಪಾಗುತ್ತದೆ. ಮಲಪ್ರಭೆಯ ಕಾಲುವೆ ನೀರು ಸರಿಯಾಗಿ ಹೊಲ ಮುಟ್ಟದಿದ್ದರೂ ಅಭಿವೃದ್ಧಿ ಕರ, ನೀರಿನ ಕರ ಕಟ್ಟಿರೆಂದು ಸರ್ಕಾರ ಬೆನ್ನುಹತ್ತಿದಾಗ ನರಗುಂದ ನವಲಗುಂದದ ರೈತರು ಎದ್ದುನಿಂತರು. ಗೋಲಿಬಾರು ಆಯಿತು, ಜೀವ ಹೋದವು. ಕರ್ನಾಟಕದ ರೈತ ಚಳವಳಿ ಬಲಗೊಂಡದ್ದೇ ಅಲ್ಲಿಂದ. ಅದಕ್ಕೂ ಅರ್ಧ ಶತಮಾನ ಮೊದಲು ನಮ್ಮ ಅಂಕೋಲೆಯಲ್ಲಿ 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೆ ಕರನಿರಾಕರಣೆ. ಸೂರ್ವೆಯಂಥ ಹಳ್ಳಿಗಳ ರೈತರು ಬ್ರಿಟಿಷರಿಗೆ ತೀರ್ವೆ ಕೊಡೆವೆಂದು ಕೂತರು. ಗದ್ದೆ, ದನ, ಪಾತ್ರೆ ಪಗಡೆ ಜಪ್ತಿಯಾದವು. ಕರ್ನಾಟಕದ ಬಾರ್ಡೋಲಿ ಎಂದು ಅಂಕೋಲೆಗೆ ಹೆಸರು ಬಂದದ್ದು ಹಾಗೆ. ಆಮೇಲೆ ಅಲಗೇರಿಯ ದಿನಕರ ದೇಸಾಯಿಯವರು ಗೇಣಿ ರೈತರ ಪರ ನಿಂತರು, 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿದರು. ಇದನ್ನೆಲ್ಲ ಹೇಳುತ್ತಿದ್ದಾಗ ತಂಗಿ ಸುಮ್ಮನೆ ಕೇಳಿದಳು. ಅವಳ ಅಜ್ಜ ಆ ಜುಲೈಯಲ್ಲಿ ತಹಸೀಲ್ದಾರ ಕಚೇರಿಯ ಮುಂದಿನ ಗುಂಪಿನಲ್ಲಿದ್ದನಂತೆ. ಇಬ್ಬರ ಹಿರಿಯರೂ ಕಾಳು ಬೆಳೆದವರು, ಇಬ್ಬರೂ ಕರದ ನೋಟೀಸು ಕಂಡವರು. ಅಂದಿನಿಂದ ನಮ್ಮ ಮಾತಿಗೆ ಇನ್ನಷ್ಟು ಸಲಿಗೆ ಬಂತು.

ಹಾಡಿನ ಮಾತೂ ಬಂತು. ಅವಳ ಕಡೆ ಕಣದಲ್ಲಿ ಮೇಟಿಯ ಸುತ್ತ ಎತ್ತು ತುಳಿಸುವಾಗ ರಾತ್ರಿಯಿಡೀ ಹಂತಿ ಹಾಡು. ನಮ್ಮ ಕಡೆ ನೆಟ್ಟಿಯ ಹಾಡು, ಹಾಲಕ್ಕಿಗಳ ಸುಗ್ಗಿಯ ಹಾಡು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಂಥ ಹಾಡುಗಳನ್ನು ಮನಸ್ಸಿನಲ್ಲೇ ಕೂಡಿಟ್ಟುಕೊಂಡಿದ್ದವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಈಗ ನವಲಗುಂದದ ಹೊಲಕ್ಕೆ ಕೊಯ್ಲಿನ ಯಂತ್ರ ಬಂದಿದೆ. ಬೆನ್ನು ಬಗ್ಗಿಸಿ ಕೊಯ್ದ ಹೆಂಗಸರಿಗೆ ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಗಜನಿಯ ಕೆಸರಿಗೆ ಇಳಿಯುವ ಯಂತ್ರವನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಕೊಯ್ಯುವವರು ಸಿಗದೆಯೇ ಎಷ್ಟೋ ಮಂದಿ ಕಗ್ಗ ಬಿಟ್ಟರು.

ಇನ್ನೊಂದು ಕಾರಣವೂ ಇದೆ, ಅದು ನನಗೆ ಹೆಚ್ಚು ನೋವಿನದು. ಶೆಟ್ಲಿಗೆ ಪೇಟೆಯಲ್ಲಿ ಬೆಲೆ ಏರಿದಂತೆ ಗಜನಿಯನ್ನು ಶೆಟ್ಲಿ ಗೇಣಿಗೆ ಕೊಡುವುದು ಹೆಚ್ಚಿತು. ಗೇಣಿ ಹಿಡಿದವರಿಗೆ ಉಪ್ಪುನೀರು ಬೇಗ ಬೇಕು. ಕಗ್ಗ ಕೊಯ್ಲಾಗುವ ತನಕ ಕಾಯುವ ತಾಳ್ಮೆಯಿಲ್ಲ. ಜಂತ್ರಡಿಯ ಹಲಗೆ ಯಾರ ಕೈಯಲ್ಲಿದೆಯೋ ಅವರದೇ ಕಾರುಬಾರು. ಒಂದು ಭರತದ ಉಪ್ಪು ಹಾಲುಗಾಳಿನ ಹೊತ್ತಿಗೆ ಒಳನುಗ್ಗಿದರೆ ಕಗ್ಗಕ್ಕೂ ತಾಳಲಾಗುವುದಿಲ್ಲ. ತೊಂಬತ್ತರ ದಶಕದಲ್ಲಿ ಗಜನಿಗಳನ್ನು ಅಗೆದು ಸಿಗಡಿ ಕೆರೆ ಮಾಡಿದವರು ಬಿಳಿಚುಕ್ಕಿ ರೋಗ ಬಂದು ಕೈಸುಟ್ಟುಕೊಂಡದ್ದನ್ನು ಕಣ್ಣಾರೆ ಕಂಡೂ ನಾವು ಕಲಿಯುತ್ತಿಲ್ಲ. ಬಿತ್ತದೆ ಎರಡು ಮೂರು ವರ್ಷ ಬಿಟ್ಟರೆ ಮನೆಯಲ್ಲಿಟ್ಟ ಬೀಜ ಮೊಳೆಯುವುದಿಲ್ಲ. ಜವೆಗೋಧಿಗಾದರೆ ಧಾರವಾಡದಲ್ಲಿ ಬೀಜ ಕಾಯುವವರಿದ್ದಾರೆ. ಕಗ್ಗದ ಬೀಜ ಮುಖ್ಯವಾಗಿ ನಮ್ಮ ಮನೆಗಳ ಅಟ್ಟದಲ್ಲೇ ಇದೆ.

“ಹಂಗಾರ ಸುಮ್ಮ ಕುಂದ್ರತೀರೇನ್ರಿ?” ತಂಗಿಯ ದನಿಯಲ್ಲಿ ಅವಳಜ್ಜನ ಊರು ಕೇಳಿಸಿತು. ನಮ್ಮ ಒಡ್ಡಿನ ಜಂತ್ರಡಿಯ ಹಲಗೆ ಕೊಳೆತು ಎರಡು ಮಳೆಗಾಲವಾಯಿತು. ಸಂಬಂಧಪಟ್ಟ ಕಚೇರಿಗೆ ಬಾಯಿಮಾತಲ್ಲಿ ಹೇಳಿದ್ದೇ ಹೇಳಿದ್ದು. ಅವಳ ಅಕ್ಷರ ಮುತ್ತಿನಂಥದ್ದು. ಒಳಗೆ ಹೋಗಿ ಮಗಳ ನೋಟುಪುಸ್ತಕ, ಪೆನ್ನು ತಂದಳು. ಬೇಲಿಯ ಬದಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, “ಏನ ಬರೀಬೇಕ ಹೇಳ್ರಿ” ಎಂದಳು.

ಹೇಳಿದೆ. ಒಂದು, ಮೇ ಮುಗಿಯುವುದರೊಳಗೆ ಜಂತ್ರಡಿಗೆ ಹೊಸ ಹಲಗೆ ಹಾಕಬೇಕು; ಜೂನಿನ ನಂತರ ಹಾಕಿದರೆ ಹಾಕದಿದ್ದಂತೆಯೇ. ಎರಡು, ಒಡ್ಡು ಕುಸಿದ ಕಡೆ ಮಣ್ಣು ತುಂಬುವ ಕೆಲಸವನ್ನು ಉದ್ಯೋಗ ಖಾತ್ರಿಯಂಥ ಯೋಜನೆಯಲ್ಲಿ ಊರವರಿಗೇ ಕೊಡಬೇಕು, ಒಡ್ಡಿನ ಮಣ್ಣಿನ ಗುಣ ಬಲ್ಲವರು ಅವರೇ. ಮೂರು, ಶೆಟ್ಲಿ ಗೇಣಿ ಯಾರಿಗೇ ಹೋಗಲಿ, ಕಗ್ಗದ ಕೊನೆಯ ತೆನೆ ದೋಣಿ ಹತ್ತುವವರೆಗೆ ಬಾಗಿಲು ತೆರೆಯಬಾರದೆಂದು ಕರಾರಿನಲ್ಲೇ ಬರೆಯಬೇಕು. ಅವಳು ಮೂರನೆಯದರ ಕೆಳಗೆ ಗೆರೆ ಎಳೆದಳು. ಸಹಿಗೆ ಜಾಗ ಬಿಟ್ಟಿದ್ದು ಸಾಲದೆಂದು ಇನ್ನೊಂದು ಹಾಳೆ ಹರಿದು ಜೋಡಿಸಿದಳು. ನಾಳೆ ಬೆಳಿಗ್ಗೆ ಗಜನಿಯ ಪಾಲುದಾರರ ಮನೆಮನೆಗೆ ಇಬ್ಬರೂ ಹೋಗುವುದೆಂದಾಗಿದೆ.